ಎಡ ಮುಂಚಕ್ರದ ನಿಂಬೆಹಣ್ಣು

ಸುಳ್ಳು ಹೇಳಿದವನು ನಾನು. ಉಮೇಶಣ್ಣನ ಕೈ ಕೆಟ್ಟಿರಲಿಲ್ಲ, ಕೆಟ್ಟಿದ್ದು ಗಾಡಿ. ಕೆಡಿಸಿದವನೂ ನಾನೇ, ಕೆಟ್ಟಿದೆ ಅಂತ ಗೊತ್ತಿದ್ದೂ ಅವನ ಕೈಗೆ ಕೊಟ್ಟವನೂ ನಾನೇ. ಇಷ್ಟು ಹೇಳುವುದಕ್ಕೆ ನನಗೆ ಆರು ವರ್ಷ ಬೇಕಾಯಿತು.

ಕೋಟೆ ಬೀದಿಯ ಹಳೇ ಮನೆಯಲ್ಲಿ ನಮ್ಮಜ್ಜಿ ಯಾವ ಸಂಗತಿ ಹೇಳುವಾಗಲೂ, ಅಲ್ಲಿ ಯಾರ್ಯಾರು ಇದ್ದರು ಅಂತ ಮೊದಲು ಹೆಸರು ಹಿಡಿದು ಹೇಳಿಯೇ ಮುಂದಕ್ಕೆ ಹೋಗುತ್ತಿದ್ದಳು. ಹಾಗೆ ಹೇಳಿಬಿಟ್ಟರೆ ಆಮೇಲೆ ಮಾತು ತಿರುಚಲು ಬರುವುದಿಲ್ಲ ಅನ್ನುವುದು ಅವಳ ಲೆಕ್ಕ. ನಾನೂ ಹಾಗೇ ಹೇಳುತ್ತೇನೆ. ಆ ಶುಕ್ರವಾರ ಬೆಳಿಗ್ಗೆ ಶಿವಮೊಗ್ಗದ ನನ್ನ ಗ್ಯಾರೇಜಿನಲ್ಲಿ ನಾಲ್ಕು ಜನ ಇದ್ದೆವು. ನಾನು, ಮಂಜುನಾಥ. ವೈರಿಂಗ್ ಕೆಲಸದ ಅನ್ವರ್ ಭಾಯ್. ಭದ್ರಾವತಿಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ಉಮೇಶಣ್ಣ. ಅವನ ಹೆಂಡತಿ ಶೈಲಕ್ಕ — ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ, ತಟ್ಟೆಯಲ್ಲಿ ನಾಲ್ಕು ನಿಂಬೆಹಣ್ಣು.

ಉಮೇಶಣ್ಣ ಅಂದರೆ ಯಾರು ಅಂತ ಭದ್ರಾವತಿಯವರಿಗೆ ಹೇಳಬೇಕಾಗಿಲ್ಲ. ಹಳೇನಗರ, ನ್ಯೂಟೌನ್ ಎರಡೂ ಕಡೆ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧ ಜನ ಅವನ ಪಕ್ಕದ ಸೀಟಿನಲ್ಲಿ ಬೈಸಿಕೊಂಡೇ ಕಲಿತವರು. ನನಗೆ ಕಲಿಸಿದ್ದು ಅವನು, ನನ್ನ ಹೆಂಡತಿಗೆ ಕಲಿಸಿದ್ದೂ ಅವನೇ. "ಅದನ್ನ ಯಾಕ್ ಹಂಗೆ ಹಿಂಡ್ತೀಯ ಮಾರಾಯ, ಅದೇನು ಒದ್ದೆ ಬಟ್ಟೆಯಾ? ಸ್ಟೀರಿಂಗು ಕಣೋ!" — ಇದು ಎಲ್ಲರೂ ಮೊದಲ ದಿನ ಕೇಳಿದ ಮಾತು. ಅವನ ಕೈ ಹಾಗಿತ್ತು. ಎರಡು ಬೆರಳಲ್ಲಿ ಹಿಡಿದರೆ ಗಾಡಿ ಮಾತು ಕೇಳುತ್ತಿತ್ತು.

ನಲವತ್ತೈದು ದಾಟಿದ ಮೇಲೆ ಅವನು ಒಂದು ಆಸೆ ತೀರಿಸಿಕೊಂಡ. ಬೆಂಗಳೂರಿನ ಯಾರೋ ಓಡಿಸಿ ಬಿಟ್ಟಿದ್ದ, ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು. "ನಂಗೆ ಸವತಿ ತಂದಿದಾರೆ ಮಂಜು, ಅದೂ ಕೆಂಪು ಸೀರೆಯೋಳನ್ನ," ಅಂತ ಶೈಲಕ್ಕ ನನ್ನೆದುರೇ ಅವನನ್ನು ಹಂಗಿಸಿದ್ದಳು. ಆ ಗಾಡಿಯ ಚಕ್ರದ ಕುಲುಕು ತಡೆಯುವ ಶಾಕ್‌ಗಳು ಮಾಮೂಲಿನವಲ್ಲ. ಒಂದು ಬಟನ್ ಒತ್ತಿದರೆ ರಸ್ತೆಗೆ ಮೆತ್ತಗಾಗುತ್ತವೆ, ಇನ್ನೊಂದು ಸಲ ಒತ್ತಿದರೆ ರೇಸ್ ಟ್ರ್ಯಾಕಿಗೆ ತಕ್ಕಂತೆ ಬಿಗಿಯಾಗುತ್ತವೆ. ನಾಲ್ಕು ಚಕ್ರದ ನಾಲ್ಕು ಶಾಕ್‌ಗೂ ಒಂದೊಂದು ವೈರು. ಎಷ್ಟು ಬಿಗಿಯಾಗಬೇಕು ಅಂತ ಗಾಡಿಯ ಕಂಪ್ಯೂಟರ್ ಆ ವೈರಿನಲ್ಲೇ ಹೇಳಿ ಕಳಿಸುತ್ತದೆ. ಅವು ಹಳತಾಗಿ ಸೋತಿದ್ದವು. ಹೊಸದು, ಇನ್ನೂ ಮೇಲ್ಮಟ್ಟದ್ದು ಹಾಕೋಣ ಅಂತ ಹೇಳಿದವನು ನಾನು.

"ಶೈಲಂಗೆ ಸೊಂಟ ನೋವು ಕಣೋ. ಅವಳು ಕೂತಾಗ ತೊಟ್ಟಿಲಿದ್ದಂಗಿರಬೇಕು. ಟ್ರ್ಯಾಕಲ್ಲಿ ಕಲ್ಲಿದ್ದಂಗಿರಬೇಕು. ಎರಡೂ ಆಗುತ್ತಾ?"

"ಎರಡೂ ಆಗುತ್ತಣ್ಣ."

ಹೊರದೇಶದಿಂದ ಸಾಮಾನು ಬರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ಅವನು ವಾರಕ್ಕೆರಡು ಸಲ ಫೋನ್ ಮಾಡಿ, "ಹೆರಿಗೆ ಆಯ್ತೇನೋ?" ಅಂತ ಕೇಳುತ್ತಿದ್ದ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಶಾಕ್ ಹಾಕಿ ಗಾಡಿ ಕೆಳಗಿಳಿಸಿದ ಮೇಲೆ, ಒಬ್ಬ ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಬೇಕು. ಇನ್ನೊಬ್ಬ ಬಗ್ಗಿ ಚಕ್ರದ ಹಿಂದೆ ವೈರು ಎಲ್ಲಾದರೂ ಬಿಗಿದು ಎಳೆಯುತ್ತಿದೆಯಾ ಅಂತ ನೋಡಬೇಕು. ಎರಡು ನಿಮಿಷದ ಕೆಲಸ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಇದನ್ನು ಬಿಟ್ಟರೆ ಸ್ಪ್ಯಾನರ್ ಎಸೆಯುತ್ತಿದ್ದರು. ಅಲ್ಲಿಯವರೆಗೆ ನಾನು ಒಂದೇ ಒಂದು ಸಲವೂ ಬಿಟ್ಟವನಲ್ಲ.

ಆ ದಿನ ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಗಾಡಿ ಹೊರಡಬೇಕು ಅಂತ ಶೈಲಕ್ಕ. ಎಡ ಮುಂಚಕ್ರದ ವೈರಿಗೆ ಕ್ಲಿಪ್ಪು ಹಾಕಿ, ಗಾಡಿ ಇಳಿಸಿ, ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ಅವಳು ಬಾನೆಟ್ಟಿಗೆ ಕುಂಕುಮ ಇಟ್ಟು, ನಾಲ್ಕೂ ಚಕ್ರದ ಬುಡಕ್ಕೆ ನಿಂಬೆಹಣ್ಣು ಒತ್ತಿಟ್ಟಾಗಿತ್ತು. ಈಗ ಸ್ಟೀರಿಂಗ್ ತಿರುಗಿಸಿದರೆ — ಗಾಡಿ ನಿಂತಲ್ಲೇ ಟೈರು ಹೊರಳಿ ನಿಂಬೆಹಣ್ಣನ್ನು ಪಕ್ಕಕ್ಕೆ ಅರೆದುಬಿಡುತ್ತದೆ. ಮುಂದಕ್ಕೆ ಉರುಳಿ ಒಡೆಯಬೇಕಾದ ಹಣ್ಣು ಹಾಗೆ ಅರೆದುಹೋದರೆ ಆ ಹೆಂಗಸಿನ ಮನಸ್ಸಿಗೆ ಏನಾಗಬೇಡ... ನಾನು ಹಣ್ಣು ನೋಡಿದೆ. ಗಡಿಯಾರ ನೋಡಿದೆ. "ಹೊರಡಣ್ಣ," ಅಂದೆ.

ನಿಂಬೆಹಣ್ಣಿನ ಮೇಲೆ ತಪ್ಪು ಹೊರಿಸುತ್ತಿಲ್ಲ. "ಅಕ್ಕಾ, ಎರಡು ನಿಮಿಷ ಎತ್ತಿಟ್ಟುಕೊಳ್ಳಿ," ಅಂದಿದ್ದರೆ ಅವಳು ನಗುತ್ತಾ ಎತ್ತಿಕೊಳ್ಳುತ್ತಿದ್ದಳು.

ಚಟ್ ಅಂತ ನಾಲ್ಕೂ ಒಡೆದವು. ಗೇಟಿನಲ್ಲಿ ಉಮೇಶಣ್ಣ ಸ್ಟೀರಿಂಗ್ ಪೂರ್ತಿ ತಿರುಗಿಸಿ ರಸ್ತೆಗಿಳಿದ. ಹತ್ತೇ ನಿಮಿಷಕ್ಕೆ ವಾಪಸ್ ಬಂದ. "ಇದೇನೋ ಮಂಜ, ಮೀಟರ್ ಪಕ್ಕ ಏನೋ ದೀಪ ಹತ್ತಿದೆಯಲ್ಲೋ?"

ಅವರಿಬ್ಬರನ್ನು ಎದುರಿನ ಹೋಟೆಲಿಗೆ ಕಾಫಿಗೆ ಕಳಿಸಿ ಚಕ್ರ ಬಿಚ್ಚಿದೆವು. ಗೇಟಿನ ಆ ತಿರುವಿಗೆ ವೈರು ಎಳೆದು, ಶಾಕ್‌ನ ಬುಡದಲ್ಲೇ ಕಿತ್ತುಬಂದಿತ್ತು.

"ಬೇರು ಸಮೇತ ಬಂದಿದೆ ಸೇಠ್," ಅಂದರು ಅನ್ವರ್ ಭಾಯ್. "ಬೆಸುಗೆ ಹಾಕೋಕೂ ಜಾಗ ಇಲ್ಲ. ಹೊಸಾದೇ ತರಿಸ್ಬೇಕು."

"ಭಾನುವಾರ ಅಣ್ಣ ರೇಸ್ ಟ್ರ್ಯಾಕಿಗೆ ಹೋಗೋದಿದೆ ಭಾಯ್. ದೀಪ ಆರಿಸೋಕಾಗುತ್ತಾ?"

"ಒಂದು ರೆಸಿಸ್ಟರ್ ಹಾಕಿದ್ರೆ ಆರುತ್ತೆ. ಶಾಕ್ ಕೆಲಸ ಮಾಡ್ತಿದೆ ಅಂತ ಗಾಡಿ ನಂಬುತ್ತೆ. ಆದ್ರೆ ಬಟನ್ ಎಷ್ಟು ಒತ್ತಿದ್ರೂ ಇದೊಂದು ಮೆತ್ತಗೇ ಉಳಿಯುತ್ತೆ. ನಾನು ದೀಪ ಆರಿಸ್ತೀನಿ, ರೋಗ ಅಲ್ಲ." ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದರು. "ಅವ್ರಿಗೆ ಹೇಳ್ತೀರಿ ತಾನೇ?"

"ಹೇಳ್ತೀನಿ ಭಾಯ್."

ರೆಸಿಸ್ಟರ್ ಹಾಕಿ ದೀಪ ಆರಿಸಿದ ಮೇಲೆ, ಕಾಫಿ ಕುಡಿದು ಬಂದ ಉಮೇಶಣ್ಣನಿಗೆ ನಾನು ಹೇಳಿದ್ದು ಇಷ್ಟು: "ಏನೂ ಇಲ್ಲಣ್ಣ, ಕನೆಕ್ಟರ್ ಸ್ವಲ್ಪ ಲೂಸ್ ಇತ್ತು."

ಯಾಕೆ ಹಾಗಂದೆ? ಈ ಊರಲ್ಲಿ ಇಂಥ ಕೆಲಸ ಮಾಡುವವನು ನಾನೊಬ್ಬನೇ ಅಂತ ಎದೆ ಉಬ್ಬಿಸಿಕೊಂಡಿದ್ದೆ. ವೈರು ಸಡಿಲ ಬಿಡದೆ ಕ್ಲಿಪ್ಪು ಹಾಕಿ ಕಿತ್ತುಹೋಗುವಂತೆ ಮಾಡಿದೆ ಅಂತ, ನನಗೆ ಸ್ಟೀರಿಂಗ್ ಕಲಿಸಿದವನ ಎದುರು ಹೇಗೆ ಹೇಳುವುದು? ಟ್ರ್ಯಾಕಿಗೆ ಹೋದ ಮೇಲೆ ಹೇಳಿದರಾಯಿತು ಅಂದುಕೊಂಡೆ.

ಭದ್ರಾವತಿ ತಲುಪಿ ಅವನೇ ಫೋನ್ ಮಾಡಿದ. "ಶೈಲ ನಿದ್ದೆ ಮಾಡಿಬಿಟ್ಲು ಮಾರಾಯ! ಬಿ.ಎಚ್. ರೋಡಲ್ಲಿ, ಆ ಗುಂಡಿಗಳಲ್ಲಿ ನಿದ್ದೆ! ನಿನ್ನ ಕೈಗೆ ಬಂಗಾರದ ಬಳೆ ತೊಡಿಸ್ಬೇಕು ಕಣೋ." ಮೆತ್ತಗಿದ್ದಾಗ ನಾಲ್ಕೂ ಮೆತ್ತಗೇ ಇದ್ದವು. ರಸ್ತೆಯಲ್ಲಿ ನನ್ನ ಸುಳ್ಳು ಗೊತ್ತಾಗುವ ಹಾಗೇ ಇರಲಿಲ್ಲ.

ಭಾನುವಾರ, ತಮಿಳುನಾಡಿನ ಕಡೆಯ ಆ ಟ್ರ್ಯಾಕಿನಲ್ಲಿ ನಾನೂ ಇದ್ದೆ. ಅವನ ಸ್ಕೂಲಿನಲ್ಲಿ ಕಲಿತ ಮೂರು ನಾಲ್ಕು ಜನ ಗುರುವಿನ ಓಟ ನೋಡಲು ಅಷ್ಟು ದೂರ ಬಂದಿದ್ದರು. "ಸವತಿ ಏನ್ ಮಾಡ್ತಾಳೆ ನೋಡೇಬಿಡ್ತೀನಿ," ಅಂತ ಶೈಲಕ್ಕ ಒಂದು ಸುತ್ತಿಗೆ ಪಕ್ಕದಲ್ಲಿ ಕೂತಳು. ಅವಳ ಹೆಲ್ಮೆಟ್ಟಿನ ಪಟ್ಟಿ ಬಿಗಿದವನು ನಾನು. ಮಾತು ಬಾಯಲ್ಲೇ ಇತ್ತು — ಅಣ್ಣ, ಆ ಬಿಗಿಯ ಬಟನ್ ಮಾತ್ರ ಒತ್ತಬೇಡ — ಅಷ್ಟೇ ಅಲ್ಲವೆ? ಅಷ್ಟು ಹೇಳಿದ್ದರೆ...

"ಹುಷಾರಣ್ಣ," ಅಂದೆ.

ಅವನು ನಕ್ಕು, ನನ್ನ ಕಣ್ಣೆದುರೇ ಬಟನ್ ಒತ್ತಿಕೊಂಡು ಹೋದ. ಮೂರು ಚಕ್ರ ಕಲ್ಲಾದವು, ಒಂದು ತೊಟ್ಟಿಲಾಗೇ ಉಳಿಯಿತು. ಬಲಕ್ಕೆ ತಿರುಗುವ ಉದ್ದನೆಯ ತಿರುವು ಅದು. ಗಾಡಿಯ ಭಾರವೆಲ್ಲ ಬೀಳುವುದು ಎಡ ಮುಂಚಕ್ರದ ಮೇಲೇ. ಮೂತಿ ಕುಸಿಯಿತು. ಅವನು ಸರಿಯಾಗಿಯೇ ತಿದ್ದಿದ — ನಾನು ಕಂಡೆ, ಎಷ್ಟು ನಯವಾಗಿ ತಿದ್ದಿದ. ಕುಸಿದ ಮೂಲೆ ಚಿಮ್ಮಿ ಎದ್ದು ಹಿಂಭಾಗವನ್ನು ಎಸೆಯಿತು. ಗಾಡಿ ತಿರುಗಿ ತಿರುಗಿ ಟೈರು ಪೇರಿಸಿದ ಗೋಡೆಗೆ ಎಡಮಗ್ಗುಲು ಹೊಡೆಯಿತು. ಎಡಗಡೆ ಕೂತಿದ್ದವಳು ಶೈಲಕ್ಕ. ಮೊಣಕೈ ಪುಡಿಯಾಯಿತು.

ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ನಾನು ಸ್ವಲ್ಪ ಹಿಂದೆ ಉಳಿದೆ. ಯಾಕೆ ಗೊತ್ತೇ? ಮುರಿದ ಗಾಡಿಯ ಒಳಗೆ ಕೈ ಹಾಕಿ ಆ ರೆಸಿಸ್ಟರನ್ನು ಕತ್ತರಿಸಿ ಜೇಬಿಗೆ ಹಾಕಿಕೊಳ್ಳುವುದಕ್ಕೆ. ಶೈಲಕ್ಕನ ರಕ್ತ ಇನ್ನೂ ಸೀಟಿನ ಮೇಲಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ, ಅವನ ಶಿಷ್ಯರೆಲ್ಲ ಸುತ್ತ ನಿಂತಿದ್ದಾಗ, ಉಮೇಶಣ್ಣ ಕೇಳಿದ: "ಮಂಜ, ಒಂದೇ ಮಾತು ಹೇಳು. ಗಾಡೀದೇನಾದ್ರೂ ಇತ್ತಾ?"

"ಗಾಡಿ ಸರಿ ಇತ್ತಣ್ಣ," ಅಂದೆ. "ನಿನ್ನ ಕೈ ತಪ್ಪಿತು."

ಅವನು ತನ್ನ ಎರಡೂ ಅಂಗೈಯನ್ನು ತಿರುಗಿಸಿ ನೋಡಿಕೊಂಡ.

ತಿಂಗಳೊಳಗೆ ಡ್ರೈವಿಂಗ್ ಸ್ಕೂಲಿನ ಬೋರ್ಡು ಇಳಿಯಿತು. "ಹೆಂಡ್ತಿ ಕೈ ಮುರಿದ ಕೈ ಇದು. ಇದರಲ್ಲಿ ಬೇರೆಯವರ ಮಕ್ಕಳಿಗೆ ಏನ್ ಕಲಿಸ್ಲಿ?" ಅಂದನಂತೆ. ಹಳೇನಗರದಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡ. ಶಿವಮೊಗ್ಗಕ್ಕೆ ಬರುವುದಿದ್ದರೆ ಬಸ್ಸು. ದಾವಣಗೆರೆಗೆ ಕೆಲಸ ಹಿಡಿದು ಹೋದ ಅನ್ವರ್ ಭಾಯ್ ಒಮ್ಮೆ ಫೋನಿನಲ್ಲಿ ಕೇಳಿದರು, "ಅವತ್ತು ಅವ್ರಿಗೆ ಹೇಳಿದ್ರಿ ತಾನೇ?" "ಹೇಳಿದ್ದೆ ಭಾಯ್, ಅವ್ರು ಕೇಳ್ಲಿಲ್ಲ," ಅಂದೆ. ಒಂದು ಸುಳ್ಳಿನ ಕೂಸು ಇನ್ನೊಂದು.

ಹೀಗೇ ಸಾಯುವವರೆಗೂ ಇದ್ದುಬಿಡುತ್ತಿದ್ದೆನೋ ಏನೋ. ನನ್ನ ಮಗಳು ಪೂರ್ಣಿಗೆ ಹದಿನೆಂಟು ತುಂಬಿತು. ಗಾಡಿ ಕಲಿಯಬೇಕು ಅಂದವಳು, ದುರ್ಗಿಗುಡಿಯಲ್ಲಿ ಒಂದು ಮದುವೆಮನೆಯಲ್ಲಿ ಉಮೇಶಣ್ಣನನ್ನು ಕಂಡು ನೇರ ಕೇಳಿಯೇಬಿಟ್ಟಳಂತೆ: "ಮಾಮ, ನಂಗೆ ನೀವೇ ಕಲಿಸಿ." ಅವನು ಅವಳ ತಲೆ ನೇವರಿಸಿ ಹೇಳಿದನಂತೆ: "ನನ್ನ ಕೈ ಹೋಯ್ತು ಪುಟ್ಟಿ. ಊರೆಲ್ಲ ನಂಗೆ ಸಮಾಧಾನ ಹೇಳ್ತು — ಗಾಡೀದೇ ತಪ್ಪಿರ್ಬೇಕು ಉಮೇಶಣ್ಣ ಅಂತ. ಮುಖಕ್ಕೆ ನಿಜ ಹೇಳಿದೋನು ನಿಮ್ಮಪ್ಪ ಒಬ್ನೇ. ಅಂಥೋನ ಮಗಳು ನೀನು."

ಮಗಳು ಇದನ್ನು ಹೆಮ್ಮೆಯಿಂದ ಬಂದು ಹೇಳಿದಳು. ನಾನು ಊಟ ಮಾಡುತ್ತಿದ್ದೆ. ಅರ್ಧಕ್ಕೇ ಕೈ ತೊಳೆದು ಎದ್ದೆ.

ಮುಂದಿನ ಭಾನುವಾರ ಭದ್ರಾವತಿಗೆ ಹೋದೆ. ಮನೆಯಲ್ಲಿ ಇಬ್ಬರೇ ಇದ್ದರು. ಶೈಲಕ್ಕನ ಎಡಗೈ ಈಗ ಪೂರ್ತಿ ಮಡಚಲು ಬರುವುದಿಲ್ಲ, ಜಡೆಯವರೆಗೆ ಹೋಗುವುದಿಲ್ಲ. ಅವಳು ಕೆಳಗೆ ಕೂತಿದ್ದಳು, ಉಮೇಶಣ್ಣ ಹಿಂದೆ ಕುರ್ಚಿಯಲ್ಲಿ ಕೂತು ಜಡೆ ಹೆಣೆಯುತ್ತಿದ್ದ. "ಬಾರೋ ಮಂಜ. ನೋಡು, ಹೊಸ ಕೆಲಸ ಕಲಿತಿದೀನಿ," ಅಂದ.

ಆ ರೆಸಿಸ್ಟರನ್ನು ಟೀಪಾಯಿಯ ಮೇಲಿಟ್ಟೆ. ಬೆರಳಿನ ಎರಡು ಗಿಣ್ಣಿನಷ್ಟು ಉದ್ದ ಇದೆಯೋ ಇಲ್ಲವೋ. ಇಲ್ಲಿ ಬರೆದಷ್ಟನ್ನೂ, ಇದೇ ಕ್ರಮದಲ್ಲಿ, ನಿಂಬೆಹಣ್ಣಿನಿಂದ ಹಿಡಿದು ಹೇಳಿದೆ. ಉಮೇಶಣ್ಣನ ಬೆರಳು ಒಂದು ಕ್ಷಣ ನಿಂತವು, ಮತ್ತೆ ಹೆಣೆದವು, ತುದಿಗೆ ರಬ್ಬರ್ ಬ್ಯಾಂಡ್ ಹಾಕಿ ಮುಗಿಸಿದ.

"ಗಾಡಿ ತಂದಿದೀಯಾ?"

"ಹೂಂ."

ಕೈ ಚಾಚಿದ. ಕೀ ಕೊಟ್ಟೆ. ಅವನು ಹೊರಗೆ ಹೋದ. ಗಾಡಿಯ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಒಳಗೆ ನಾನೂ ಶೈಲಕ್ಕನೂ ಇಂಜಿನ್ ಸದ್ದಿಗೆ ಕಿವಿ ಕೊಟ್ಟು ಕೂತೆವು. ಕೂತೇ ಇದ್ದೆವು. ಪಕ್ಕದ ಮನೆಯವರ ಕುಕ್ಕರ್ ಮೂರು ಸಲ ಕೂಗಿತು. ಕೊನೆಗೆ ಮತ್ತೆ ಬಾಗಿಲಿನ ಸದ್ದು. ಅವನು ಒಳಗೆ ಬಂದು ಕೀಯನ್ನು ರೆಸಿಸ್ಟರಿನ ಪಕ್ಕ ಇಟ್ಟ.

"ಕಾಲು ಬರ್ಲಿಲ್ಲ ಕಣೋ, ಕ್ಲಚ್ಚಿಗೆ," ಅಂದ. ಬೈದಿದ್ದರೆ... ಬೈಯಲಿಲ್ಲ.

ಮಾತಾಡಿದ್ದು ಶೈಲಕ್ಕ. "ನಮಗೆ ಹೇಳಿದೆ, ಸರಿ. ಊರವರಿಗೆ ಯಾರು ಹೇಳ್ತಾರೆ ಮಂಜು?" ಎದ್ದು ನಿಂತು, "ಏಳು. ಊಟದ ಹೊತ್ತಾಯ್ತು," ಅಂದಳು. ಆ ಮನೆಯಿಂದ ಊಟದ ಹೊತ್ತಿಗೆ ನನ್ನನ್ನು ಏಳಿಸಿ ಕಳಿಸಿದ್ದು ಅದೇ ಮೊದಲು.

ಅವಳ ಮಾತಿಗೆ ಉತ್ತರವಾಗಿ ಇದನ್ನು ಬರೆದಿದ್ದೇನೆ. ಆಸ್ಪತ್ರೆಯ ಬೆಂಚಿನ ಸುತ್ತ ನಿಂತು ನನ್ನ ಮಾತು ಕೇಳಿದವರಿಗೆ, ಅದನ್ನು ಭದ್ರಾವತಿಯ ತುಂಬ ಹಂಚಿದವರಿಗೆ, ಅನ್ವರ್ ಭಾಯ್‌ಗೆ, ನನ್ನ ಮಗಳಿಗೆ — ಉಮೇಶಣ್ಣನ ಕೈ ತಪ್ಪಿರಲಿಲ್ಲ.

ಅವತ್ತು ಹೊರಗೆ ಬಂದು ಗಾಡಿಯಲ್ಲಿ ಕೂತೆ. ಸೀಟು ಹಿಂದಕ್ಕೆ ಸರಿದಿತ್ತು. ಅವನು ಉದ್ದನೆಯ ಆಳು. ಓಡಿಸಲಾಗದಿದ್ದರೂ ಕೂತೊಡನೆ ತನ್ನ ಅಳತೆಗೆ ಸರಿಸಿಕೊಂಡಿದ್ದ. ಕನ್ನಡಿಯನ್ನೂ ತಿರುಗಿಸಿಕೊಂಡಿದ್ದ. ನಾನು ಸೀಟನ್ನು ಮುಂದಕ್ಕೆ ಎಳೆದುಕೊಳ್ಳಲಿಲ್ಲ. ಶಿವಮೊಗ್ಗದವರೆಗೂ ತುದಿಗಾಲಿನಲ್ಲೇ ಕ್ಲಚ್ ಒತ್ತುತ್ತಾ ಬಂದೆ.