ಗಿಡಗಳಿಗೆ ಅಂಗಿ ಹೊಲಿದ ಈರಣ್ಣ

1974ರಲ್ಲಿ ನಾನು ಕುರುಗೋಡಿನಲ್ಲಿ ತೋಟಗಾರಿಕೆ ಸಹಾಯಕನಾಗಿದ್ದೆ. ಮದುವೆಯಾಗಿರಲಿಲ್ಲ. ಖಾನಾವಳಿ ಊಟ, ಬಾಡಿಗೆ ಕೋಣೆ, ಸಂಜೆಯಾದರೆ ಮಾತಿಗೆ ನಾಲ್ಕು ಗೋಡೆ. ಆ ವರ್ಷ ಮಾಗಿ ಚಳಿ ಜೋರಾಗಿ ಎಳೆಯ ಚಿಗುರುಗಳು ಮುರುಟತೊಡಗಿದವು. "ರಾತ್ರಿ ಗಿಡಕ್ಕ ಗೋಣಿತಟ್ಟು ಹೊದಿಸ್ರಿ, ಬಿಸಿಲೇರಿದ ಮ್ಯಾಲೆ ತಗೀರಿ" ಎಂದು ಸಾರುತ್ತ ತಿರುಗಿದೆ. ಬಳ್ಳಾರಿ ಸೀಮೆಯಲ್ಲಿ ಚಳಿಯ ಮಾತೇ? ಜನ ನಕ್ಕರು.

ಕಿವಿಗೆ ಹಾಕಿಕೊಂಡವರು ದರ್ಜಿ ಈರಣ್ಣ ಒಬ್ಬರೇ. ಐವತ್ತು ದಾಟಿದ ಒಂಟಿ ಜೀವ. ಜೊತೆಗೆ ಹೊಲಿಯುತ್ತಿದ್ದ ಅಣ್ಣ ತೀರಿಕೊಂಡ ಮೇಲೆ ಹಿತ್ತಲಿನ ಗುಲಾಬಿ, ದಾಸವಾಳಗಳೇ ಅವರ ಸಂಸಾರ. ಉಳಿದ ಬಟ್ಟೆ ತುಂಡು ಜೋಡಿಸಿ, ಗುಂಡಿ ಕಾಜಾ ಸಮೇತ, ಪ್ರತಿ ಗಿಡಕ್ಕೂ ಅಂಗಿ ಹೊಲಿದಿದ್ದರು ಪುಣ್ಯಾತ್ಮ!

ಅವರ ಗಿಡಗಳಿಗೆ ಮೀಲಿಬಗ್ ಬಿದ್ದಿತ್ತು. ಬಿಳಿ ಹಿಟ್ಟಿನಂತೆ ಅಂಟಿಕೊಂಡು ರಸ ಹೀರುವ ಕೀಟ. ಸೋಪಿನ ನೀರು ಹೊಡೆಯಲು ಹೇಳಿಬಂದೆ. ಆದರೂ ಪ್ರತಿ ಮಂಗಳವಾರ ಈರಣ್ಣ ಆಫೀಸಿಗೆ ಹಾಜರು: "ಸಾಹೇಬ್ರ, ಹುಳ ಹೋಗವಲ್ದು. ಬಂದು ನೋಡ್ರಿ." ಹೋದರೆ ಚಹಾ, ಕತ್ತಲಾಗುವವರೆಗೆ ಮಾತು.

ಕೊನೆಗೆ ನನಗೆ ತಲೆ ಕೆಟ್ಟಿತು. ಒಂದು ಮಧ್ಯಾಹ್ನ ಹೇಳದೆ ಕೇಳದೆ ಹೋದೆ. ಎಲ್ಲ ಗಿಡಗಳೂ ಅಂಗಿ ಬಿಚ್ಚಿಕೊಂಡು ಬಿಸಿಲಿಗೆ ನಿಂತಿದ್ದವು, ಒಂದು ಹುಳುವಿಲ್ಲ. ಮೂಲೆಯ ದಾಸವಾಳಕ್ಕೆ ಮಾತ್ರ ಆ ಬಿಸಿಲಲ್ಲೂ ಕುತ್ತಿಗೆವರೆಗೆ ಗುಂಡಿ. ಬಿಚ್ಚಿದೆ. ಒಳಗೆ ಹುಳಗಳು ಬೆಳ್ಳಗೆ ಮುತ್ತಿದ್ದವು.

"ಇದೊಂದನ್ಯಾಕ ಬಿಟ್ಟೀರಿ? ಹಬ್ಬಿದ್ರ ಹಿತ್ತಲೆಲ್ಲಾ ಹಾಳಾಗತೈತಿ!"

ಈರಣ್ಣ ನೆಲ ನೋಡಿದರು. "ಹುಳ ಪೂರಾ ಹೋದ್ರ ನೀವ್ಯಾಕ ಬರ್ತೀರಿ, ಸಾಹೇಬ್ರ?"

ಸಿಟ್ಟು ಜರ್ರನೆ ಇಳಿಯಿತು. ಮಂಗಳವಾರದ ಚಹಾಕ್ಕೆ ನಾನೂ ಕಾಯುತ್ತಿರಲಿಲ್ಲವೇ?

"ಮೊದ್ಲ ಈ ಗಿಡ ತೊಳೀರಿ. ಆಮ್ಯಾಲೆ ನನಗೊಂದು ಅಂಗಿ ಹೊಲೀರಿ. ಮಂಗಳವಾರ ಅಳತಿ ಕೊಡಾಕ ಬರ್ತೀನಿ."

ಇಬ್ಬರೂ ಸೇರಿ ಅಂದೇ ತೊಳೆದೆವು. ಯುಗಾದಿಗೆ ದಾಸವಾಳ ಹೂ ಬಿಟ್ಟಿತು. ನನ್ನ ಅಂಗಿ ಮಾತ್ರ ಒಂದು ವಾರ ಕಾಲರು, ಇನ್ನೊಂದು ವಾರ ಜೇಬು ಎಂದು ಕುಂಟುತ್ತಿತ್ತು. ನಾನು ಅವಸರ ಮಾಡಲಿಲ್ಲ. ನನಗೆ ಸಿರುಗುಪ್ಪಕ್ಕೆ ವರ್ಗವಾದ ದಿನ ಈರಣ್ಣ ಅಂಗಿ ಮಡಚಿ ಕೈಗಿಟ್ಟರು.

"ಮ್ಯಾಲಿನ ಗುಂಡಿ ಹಚ್ಚಿಲ್ರಿ. ಬಂದಾಗ ಹಚ್ಚತೀನಿ."

ಅದೇ ದೂರು ಹೊತ್ತು ಮತ್ತೆ ಮತ್ತೆ ಬಂದವರಿಗೆ, ಅವರು ತಂದ ರೋಗದ ಎಲೆ ನೋಡುವ ಮೊದಲು ಕುರ್ಚಿ ಕೊಡಬೇಕೆಂಬುದನ್ನು ನಾನು ಕಲಿತದ್ದು ಆ ಹಿತ್ತಲಲ್ಲಿ. ಸಿರುಗುಪ್ಪದಿಂದ ಬಸ್ಸು ಹತ್ತಿ ಎಷ್ಟೋ ಸಲ ಹೋದೆ. ಅವರು ಗುಂಡಿ ಹಚ್ಚಲಿಲ್ಲ, ನಾನು ಕೇಳಲಿಲ್ಲ. ಈರಣ್ಣ ಹೋಗಿ ಬಹಳ ಕಾಲವಾಯಿತು. ಅಂಗಿ ಬಳ್ಳಾರಿಯ ಪಾರ್ವತಿನಗರದ ನನ್ನ ಮನೆಯಲ್ಲಿದೆ. ಬೇರೆ ದರ್ಜಿಯ ಕೈಲಿ ಆ ಗುಂಡಿ ಹಚ್ಚಿಸಲು ನನಗೆ ಮನಸ್ಸಿಲ್ಲ.