ಹುಸೇನಬಿ ಬರೆದ ಬಾವಿಯ ಪ್ರಬಂಧ

ನಾನು ಕನ್ನೊಳ್ಳಿ ಸಾಲಿಯ ಮಾಸ್ತರನಾಗಿದ್ದಾಗ, ತಪಾಸಣೆಗೆ ಬಂದ ಸಾಹೇಬರು ಏಳನೇ ಇಯತ್ತೆಯ ಹುಸೇನಬಿಯ ಪ್ರಬಂಧ ಓದಿ ಸಿಡಿದರು. 'ನಮ್ಮೂರ ಬಾವಿ' ಎಂಬ ವಿಷಯಕ್ಕೆ ಅವಳು, "ಎಲ್ಲರೂ ಬಾವಿಯೊಳಗೆ ಇಳಿದು ನೀರು ತುಂಬುವುದರಿಂದ ಕಾಲಲ್ಲಿ ಹುಳ ಏಳುವ ನಾರುಹುಣ್ಣು ಬರುತ್ತದೆ. ಸೋಸಿ ಕುಡಿಯುವ ಮನೆಗಳಲ್ಲಿ ಯಾರಿಗೂ ಬಂದಿಲ್ಲ" ಎಂದು ಬರೆದಿದ್ದಳು.

"ಪ್ರಬಂಧದಾಗ ಊರನ್ನ ಹೊಗಳಬೇಕ್ರಿ ಮಾಸ್ತರ. ಇದನ್ನ ಹೊಡೆದು ಹಾಕ್ರಿ," ಅಂದರು ಸಾಹೇಬರು.

"ಆಕಿ ಕೊಟ್ಟ ಕಾರಣ ಸುಳ್ಳಿದ್ರ ತೋರಸ್ರಿ, ಹೊಡೀತೇನಿ. ಇಲ್ಲಂದ್ರ ಹೊಡೆಯೂದಿಲ್ಲ," ಅಂದೆ.

"ಎದುರು ಮಾತಾಡ್ತೀರೇನ್ರಿ? ವರ್ಗ ಮಾಡಸ್ತೇನಿ!"

"ಮಾಡಸ್ರಿ. ಹೋದಲ್ಲೂ ಹಿಂಗ ಕಲಸ್ತೇನಿ."

ಕೂಗಾಡಿ ಗಂಟಲು ಒಣಗಿ ಸಾಹೇಬರು ನೀರು ಕೇಳಿದರು. ಹುಸೇನಬಿ ಅದೇ ಬಾವಿಯ ನೀರು ತಂದಳು. ಅವರು ತಂಬಿಗೆಯನ್ನೊಮ್ಮೆ ನೋಡಿದರು, ಕಿಸೆಯಿಂದ ಕರವಸ್ತ್ರ ತೆಗೆದು ಅದರ ಬಾಯಿಗೆ ಬಿಗಿದು, ಸೋಸಿ ಕುಡಿದರು.

ಅವರ ಎದುರಿಗೇ ನಾನು ಪ್ರಬಂಧಕ್ಕೆ ಹತ್ತಕ್ಕೆ ಹತ್ತು ಗುಣ ಹಾಕಿದೆ. ಸಾಹೇಬರೇ ಒಪ್ಪಿದ ಮೇಲೆ ನಾನೇಕೆ ಜಿಪುಣನಾಗಲಿ?