ಸಿದ್ದೇಗೌಡರ ಕೋಳಿಗೂಡಿನ ಬೆಳಗು

ಸಿದ್ದೇಗೌಡರು ನಡೆಯುವಾಗ ನೆಲ ನೋಡುತ್ತಿರಲಿಲ್ಲ. ಕತ್ತನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಕಂಬದಿಂದ ಕಂಬಕ್ಕೆ ಹೋಗುವ ತಂತಿಯನ್ನೇ ನೋಡುತ್ತ ಬರುತ್ತಿದ್ದರು. ಮೂವತ್ತು ವರ್ಷ ಮೈಸೂರಿನ ಬೀದಿದೀಪದ ಕಂಬಗಳನ್ನು ಹತ್ತಿ ಇಳಿದವರು. ಕೆಲಸದಿಂದ ನಿವೃತ್ತರಾದರೂ ಅವರ ಕತ್ತು ನಿವೃತ್ತವಾಗಿರಲಿಲ್ಲ. ಹಾಗೆ ನಡೆದು ಎಮ್ಮೆಗೆ, ಸೈಕಲ್ಲಿಗೆ, ಒಮ್ಮೆ ನಮ್ಮ ಅತ್ತೆಯವರಿಗೂ ಡಿಕ್ಕಿ ಹೊಡೆದದ್ದುಂಟು. "ತಪ್ಪಾಯ್ತು ಕಣ್ರವ್ವಾ, ಮೇಲೊಂದು ಬಲ್ಬು ಮಿಣಮಿಣ ಅಂತಿತ್ತು" ಎಂದು ಅವರು ಕೈಮುಗಿದರೆ ಯಾರಿಗೂ ಸಿಟ್ಟು ನಿಲ್ಲುತ್ತಿರಲಿಲ್ಲ.

ನಾನು ಮದುವೆಯಾಗಿ ಚಾಮರಾಜಪುರಂಗೆ ಬಂದಾಗ ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಗೌಡರ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಗೋಡೆ. ಅದರಾಚೆ ಹಲಸಿನ ಮರ, ಮರದ ಕೆಳಗೆ ಕೋಳಿಗೂಡು. ಗೂಡು ಗೌಡರು ಕಟ್ಟಿದ್ದು, ಕೋಳಿಗಳು ಮಾತ್ರ ಅವರ ಹೆಂಡತಿ ಕೆಂಪಮ್ಮನವು. ಮಕ್ಕಳಿಲ್ಲದ ಕೆಂಪಮ್ಮ ಮರಿಯಿಂದ ಸಾಕಿದ ಎಂಟು ಬಿಳಿ ಕೋಳಿ, ಒಂದು ಹುಂಜ. ಯಾವ ಮೊಟ್ಟೆ ಯಾವ ಕೋಳಿಯದು ಎಂದು ಕೈಯಲ್ಲಿ ಹಿಡಿದೇ ಹೇಳುತ್ತಿದ್ದರು. ಮೊಟ್ಟೆ ಮುಟ್ಟದ ಮನೆಯವಳಾದ ನನಗೆ ಅದೊಂದು ದೊಡ್ಡ ವಿದ್ಯೆಯಾಗಿ ಕಾಣುತ್ತಿತ್ತು.

ಆ ವರ್ಷ ದೀಪಾವಳಿಯ ಹೊತ್ತಿಗೆ ಕೆಂಪಮ್ಮ ಎದೆಯ ಕಾಯಿಲೆಯಿಂದ ಆಸ್ಪತ್ರೆ ಸೇರಿ, ಅರ್ಧ ಮೈಯಾಗಿ ಮನೆಗೆ ಬಂದರು. ದಿನಕ್ಕೆರಡು ಮೊಟ್ಟೆ ತಪ್ಪದೆ ಕೊಡಿ, ಮೈಯಲ್ಲಿ ಶಕ್ತಿ ಕೂಡಿದರೆ ಬದುಕುತ್ತಾರೆ ಎಂದಿದ್ದರು ಡಾಕ್ಟರು. ಸರಿಯಾಗಿ ಅದೇ ಸಮಯಕ್ಕೆ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ಪ್ರತಿ ಚಳಿಗಾಲವೂ ಅವು ಹಾಗೇ. ಗೌಡರು ಮಾರುಕಟ್ಟೆಯಿಂದ ತಂದ ಮೊಟ್ಟೆ ಕೆಂಪಮ್ಮನಿಗೆ ಸೇರಲಿಲ್ಲ. "ಯಾವೂರ ಕೋಳಿಯೋ ಏನೋ, ವಾಸ್ನೆ" ಎಂದು ಬಾಯಿಗಿಟ್ಟದ್ದನ್ನೆಲ್ಲ ಕಕ್ಕಿಬಿಟ್ಟರು.

ಗೌಡರು ಊರಾಚೆಯ ಸರ್ಕಾರಿ ಕೋಳಿ ಫಾರಮ್ಮಿಗೆ ನಡೆದುಹೋಗಿ, ಅಲ್ಲಿಯ ನೌಕರನೊಬ್ಬನನ್ನು ವಿಚಾರಿಸಿಕೊಂಡು ಬಂದರು. ಬಂದವರು ಗೋಡೆಯ ಹತ್ತಿರ ನಿಂತು ನನಗೆ ವಿವರಿಸಿದರು. "ಕೋಳಿಗೆ ಚಳಿ ಅಲ್ಲ ಕಣಮ್ಮ ತೊಂದ್ರೆ. ಬೆಳಕು ಸಾಲ್ದು. ಹೊತ್ತು ಚಿಕ್ಕದಾಯ್ತಲ್ಲ, ಈ ಹಲಸಿನ ನೆಳ್ಳು ಬೇರೆ. ಬೆಳಕು ಕೊಟ್ರೆ ಇಡ್ತವಂತೆ. ಬೆಳಕು ಕೊಡೋದು ನನ್ಗೆ ಗೊತ್ತಿರೋ ಕೆಲ್ಸ ಬುಡಿ." ಅಂದೇ ಮನೆಯಿಂದ ತಂತಿ ಎಳೆದು ಗೂಡಿನೊಳಗೆ ಒಂದು ಬಲ್ಬು ತೂಗುಹಾಕಿದರು.

ಮೊದಲ ದಿನ ಮುಸ್ಸಂಜೆಯಿಂದ ದೀಪ ಉರಿಸಿ, ಬೀದಿದೀಪದವರ ರೂಢಿಯಂತೆ ಹೊತ್ತಿಗೆ ಸರಿಯಾಗಿ ಟಪ್ಪನೆ ಸ್ವಿಚ್ಚು ಒತ್ತಿ ಆರಿಸಿದರು. ನೆಲದಲ್ಲಿ ರಾಗಿ ಹೆಕ್ಕುತ್ತಿದ್ದ ಕೋಳಿಗಳಿಗೆ ಕಣ್ಣು ಕಾಣದಾಯಿತು. ಕೂರುವ ಕೋಲು ಸಿಗದೆ ಗೋಡೆಗೆ ತಲೆ ಹೊಡೆದುಕೊಂಡು ಕೂಗಾಡಿದವು. ಗೌಡರು ಒಳಗೆ ನುಗ್ಗಿ ಒಂದೊಂದನ್ನೇ ಎತ್ತಿ ಕೋಲಿನ ಮೇಲೆ ಕೂರಿಸಿದರು. ಮಾರನೆಯ ದಿನ ಅವರ ತಲೆತುಂಬ ಪುಕ್ಕ. "ಮನುಸ್ರಿಗೆ ದೀಪ ಆರಿಸಿದ್ರೆ ಹಾಸಿಗೆ ಹುಡುಕ್ಕೊತಾರೆ. ಇವಕ್ಕೆ ಸೂರ್ಯ ಮೆಲ್ಲಗೆ ಇಳೀಬೇಕು. ಸಂಜೆ ನಮ್ಮ ಕೈಲಾಗಲ್ಲ, ಬೆಳಿಗ್ಗೆ ಬೇಗ ಹಾಕ್ತೀನಿ" ಎಂದರು.

ಅಂದಿನಿಂದ ನಾಲ್ಕೂವರೆಗೆ ಗೂಡಿನಲ್ಲಿ ಬೆಳಗಾಗತೊಡಗಿತು. ನನ್ನ ಕೋಣೆಯ ಗವಾಕ್ಷಿಯಿಂದ ಆ ಹಳದಿ ಬೆಳಕು ಬಂದು ಎದುರುಗೋಡೆಯ ಮೇಲೆ ಅಂಗೈಯಗಲ ಕೂರುತ್ತಿತ್ತು. ನಾನು ಮೊದಲೇ ನಿದ್ದೆಬುರುಕಿ. ಬೆಳಗಾಯಿತೆಂದು ಕಣ್ಣು ಬಿಟ್ಟು, ಆಗಿಲ್ಲವೆಂದು ತಿಳಿದು, ಮತ್ತೆ ಕಂಬಳಿಯೊಳಗೆ ಜಾರುವ ಆ ಸುಖ ಇನ್ಯಾವ ವಯಸ್ಸಿನಲ್ಲೂ ನನಗೆ ಸಿಕ್ಕಿಲ್ಲ. ಆಚೆ ಕೋಳಿಗಳು ಕೊಕ್ಕೊಕ್ಕೊ ಎಂದು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದವು. ಗೌಡರು ನೀರಿಡುವ ಸದ್ದು, ಅವರ ಕೆಮ್ಮು, ಕಿಟಕಿಯೊಳಗಿಂದ ಕೆಂಪಮ್ಮನ ಸಣ್ಣ ದನಿ. ಕನಸೆಷ್ಟು, ಕೇಳಿಸಿದ್ದೆಷ್ಟು ಎಂದು ಈಗ ಬೇರ್ಪಡಿಸಲಾರೆ. "ನನ್ ದೆಸೆಯಿಂದ ಅವಕ್ಕೂ ನಿದ್ದೆ ಇಲ್ದಂಗಾಯ್ತಲ್ಲ" ಎಂದು ಕೆಂಪಮ್ಮ ಕೊರಗಿದ್ದು ಮಾತ್ರ ಖಂಡಿತ ಕನಸಲ್ಲ. ಅದಕ್ಕೆ ಗೌಡರು, "ನೀನು ಎದ್ದು ಓಡಾಡು, ಆಮೇಲೆ ಅವು ವರ್ಷಪೂರ್ತಿ ಮಲಗ್ಲಿ" ಎಂದಿದ್ದರು.

ಇಷ್ಟರಲ್ಲಿ ಧನುರ್ಮಾಸ ಬಂತು. ನಮ್ಮ ಅತ್ತೆಯವರಿಗೆ ಆ ತಿಂಗಳು ಪೂರ್ತಿ ನಕ್ಷತ್ರವಿರುವಾಗಲೇ ಮಿಂದು, ಹುಗ್ಗಿ ಮಾಡಿ, ಬೀದಿಯ ಕೊನೆಯ ದೇವಸ್ಥಾನಕ್ಕೆ ನೈವೇದ್ಯ ಒಯ್ಯುವ ವ್ರತ. ಅವರು ಗಡಿಯಾರ ನಂಬುತ್ತಿರಲಿಲ್ಲ, ವ್ರತದ ದಿನಗಳಲ್ಲಿ ಹುಂಜ ಕೂಗಿದರೆ ಏಳುವವರು. ಗೂಡಿನ ಹುಂಜವೋ ಬಲ್ಬಿನ ಸೂರ್ಯನನ್ನು ನಂಬಿತ್ತು. ಮೊದಲ ದಿನ ಅದು ಕೂಗಿತೆಂದು ಅತ್ತೆ ತಡಬಡಿಸಿ ಎದ್ದು, ತಣ್ಣೀರು ಸುರಿದುಕೊಂಡು, ತಡವಾಯಿತೆಂದು ನನ್ನನ್ನು ಬೈಯುತ್ತ ಹುಗ್ಗಿ ಇಳಿಸಿ ಹೊರಟರು. ದೇವಸ್ಥಾನಕ್ಕೆ ಬೀಗ. ಬಿಸಿ ಪಾತ್ರೆ ಹಿಡಿದು ಮೆಟ್ಟಿಲ ಮೇಲೆ ನಾವಿಬ್ಬರೂ ನಡುಗುತ್ತ ಕುಳಿತೆವು. ಅರ್ಚಕರು ಬರುವ ಹೊತ್ತಿಗೆ ಹುಗ್ಗಿ ಕಲ್ಲಾಗಿತ್ತು.

ಅತ್ತೆ ನೇರವಾಗಿ ಗೌಡರ ಮನೆಗೆ ಹೋದರು. "ಏನ್ರೀ ಗೌಡ್ರೇ, ನಿಮ್ಮ ಹುಂಜಕ್ಕೆ ಹೊತ್ತುಗೊತ್ತು ಇಲ್ವೇನ್ರೀ?"

ಗೌಡರು ನಾಚಿಕೊಂಡು ಎಲ್ಲವನ್ನೂ ಹೇಳಿದರು. ಅಂದು ಬೆಳಿಗ್ಗೆ ಬಂದಿದ್ದ ಒಂದು ಮೊಟ್ಟೆಯನ್ನು, ಆ ಚಳಿಗಾಲದ ಮೊದಲನೆಯದನ್ನು, ಅಂಗೈಯಲ್ಲಿ ತೋರಿಸಿದರು. ಅತ್ತೆ ಮೊಟ್ಟೆ ಕಂಡರೆ ಮೂಗು ಮುಚ್ಚುವವರು. ಅವರು ಅದನ್ನು ನೋಡಿದರು, ಕಿಟಕಿಯೊಳಗೆ ಮಲಗಿದ್ದ ಕೆಂಪಮ್ಮನನ್ನೂ ನೋಡಿದರು. "ಕೂಗಿದ್ರೆ ಕೂಗ್ಲಿ ಬಿಡಿ. ನಾನೇ ಸ್ವಲ್ಪ ಹೊತ್ತು ಬಿಟ್ಟು ಏಳ್ತೀನಿ" ಎಂದು ವಾಪಸು ಬಂದರು. ಅವತ್ತಿನಿಂದ ನನಗೆ ನಮ್ಮ ಅತ್ತೆಯ ಮೇಲೆ ಪ್ರೀತಿ ಹುಟ್ಟಿತು.

ಆಮೇಲೆ ದಿನವೂ ಮೊಟ್ಟೆ ಬಂತು, ಬೇಕಾದದ್ದಕ್ಕಿಂತ ಹೆಚ್ಚೇ ಬಂತು. ಕೆಂಪಮ್ಮ ತಿಂದರು. ಒಂದು ಮಧ್ಯಾಹ್ನ ಗೋಡೆಯವರೆಗೂ ನಡೆದುಬಂದು ನನ್ನ ಹೂವಿನ ಗಿಡವನ್ನು ಹೊಗಳಿದರು. ಬದುಕಿಕೊಂಡರೆಂದೇ ನಾವೆಲ್ಲ ತಿಳಿದೆವು. ಆದರೆ ಸಂಕ್ರಾಂತಿ ಇನ್ನು ಮೂರು ದಿನ ಇರುವಾಗ ಮತ್ತೆ ಜ್ವರ ಬಂತು, ಎರಡೇ ದಿನದಲ್ಲಿ ಹೋಗಿಬಿಟ್ಟರು.

ಗೌಡರು ಅಳಲಿಲ್ಲ. ಮಣ್ಣು ಮಾಡಿ ಬಂದ ಮಾರನೆಯ ದಿನ ನಾಲ್ಕೂವರೆಗೆ ನನ್ನ ಗೋಡೆಯ ಮೇಲೆ ಮತ್ತೆ ಹಳದಿ ಬೆಳಕು ಬಿತ್ತು. ಬೆಳಿಗ್ಗೆ ಗೋಡೆಯ ಹತ್ತಿರ ಸಿಕ್ಕಾಗ, ಇನ್ನೇಕೆ ಗೌಡರೇ ದೀಪ ಎಂದು ಕೇಳಿಬಿಟ್ಟೆ.

ಅವರ ಎರಡು ಕೈಯಲ್ಲೂ ಮೊಟ್ಟೆಗಳಿದ್ದವು. "ಇವು ನಿಲ್ಸಿಲ್ಲ ಕಣಮ್ಮ. ಇವಕ್ಕೇನು ಗೊತ್ತು" ಎಂದರು. ಗೂಡಿನತ್ತ ತಿರುಗಿ, "ತಟ್ನೆ ಬೆಳಕು ಕಿತ್ತುಕೊಂಡ್ರೆ ಪುಕ್ಕ ಉದುರಿಸ್ಕೊತವಂತೆ, ಈ ಚಳೀಲಿ ಬರಿಮೈ ಆಯ್ತವೆ. ಅವಳು ಮರಿಯಿಂದ ಸಾಕಿದ್ದು. ದಿನಕ್ಕೊಂದೈದು ನಿಮಿಷ ಕಮ್ಮಿ ಮಾಡ್ತಾ ಬಂದ್ರೆ ತಡ್ಕೊತವೆ" ಎಂದರು. ಮೊಟ್ಟೆಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು, ಆಸ್ಪತ್ರೆಯಲ್ಲಿ ಕೆಂಪಮ್ಮನ ಪಕ್ಕದ ಮಂಚದಲ್ಲಿದ್ದ ಹೆಂಗಸಿಗೆ ಕೊಡಲು ಹೊರಟರು. ಅಂದು ಅವರು ನೆಲ ನೋಡುತ್ತ ನಡೆದರು.

ಹಾಗೆ ದಿನಕ್ಕೆ ಐದು ನಿಮಿಷ. ನಾಲ್ಕೂವರೆಯ ಬೆಳಕು ಮೆಲ್ಲಮೆಲ್ಲಗೆ ಐದಾಯಿತು, ಐದೂವರೆಯಾಯಿತು. ನಾನು ಎಚ್ಚರವಾಗಿಯೇ ಮಲಗಿ ಅದಕ್ಕಾಗಿ ಕಾಯುತ್ತಿದ್ದೆ. ದುಃಖವನ್ನು ಇಷ್ಟು ಜೋಪಾನವಾಗಿ ಇಳಿಸಿದವರನ್ನು ನಾನು ಬೇರೆ ಕಂಡಿಲ್ಲ.

ಆ ಬೇಸಿಗೆಯಲ್ಲಿ ನಾವು ಸರಸ್ವತಿಪುರಂಗೆ ಮನೆ ಬದಲಿಸಿದೆವು. ಕೆಲವು ತಿಂಗಳಿಗೆ ಗೌಡರೂ ತೀರಿಕೊಂಡರೆಂದು ಯಾರೋ ಹೇಳಿದರು. ನನ್ನ ಮನಸ್ಸಿನಲ್ಲಿ ಅವರು ಉಳಿದಿರುವುದು ಶಿವರಾತ್ರಿಯ ಹಿಂದುಮುಂದಿನ ಒಂದು ಬೆಳಿಗ್ಗೆ ಕಂಡಂತೆ. ಅಂದು ನನ್ನ ಗೋಡೆಯ ಮೇಲೆ ಹಳದಿ ಬೀಳಲಿಲ್ಲ, ನೇರವಾಗಿ ಹಗಲೇ ಬಂತು. ಎದ್ದು ಹಿತ್ತಲಿಗೆ ಹೋದೆ. ಗೌಡರು ಗೂಡಿನ ಬಾಗಿಲು ತೆಗೆದು ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದರು. ಕೋಳಿಗಳು ಒಂದೊಂದಾಗಿ ಇಳಿದು ಹುಲ್ಲು ಕೆದಕುತ್ತಿದ್ದವು. ಒಂದರ ಮೈಯಲ್ಲೂ ಪುಕ್ಕ ಕಮ್ಮಿಯಾಗಿರಲಿಲ್ಲ.

"ಇವತ್ತು ದೀಪ ಹಾಕ್ಲಿಲ್ವಾ ಗೌಡ್ರೇ?"

"ಇಲ್ಲ ಕಣಮ್ಮ. ಅವೇ ಎದ್ವು" ಎಂದರು. "ಇನ್ನು ನಾನು ಎಬ್ಬಿಸ್ಬೇಕಾದವರು ಯಾರೂ ಇಲ್ಲ."

ಹೆಗಲ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು, ಅಷ್ಟು ದಿನಗಳಲ್ಲಿ ಮೊದಲ ಸಲ, ಅವರು ಅತ್ತರು. ಅವರು ಸಾಕುಮಾಡುವವರೆಗೂ ನಾನು ಗೋಡೆಯ ಈಚೆ ನಿಂತೇ ಇದ್ದೆ.